ಗಡ್ಡೆ ಭಜಿ ಗರಿಗರಿಯಾಗಿ ಬರೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕೊಪ್ಪಳ, ಗಂಗಾವತಿ ಕಡೆ ಭಜಿ ಅಂದರೆ ಮೊದಲು ಮೆಣಸಿನಕಾಯಿ, ಆಮೇಲೆ ಉಳ್ಳಾಗಡ್ಡಿ. ಗಜ್ಜರಿ (ಕ್ಯಾರೆಟ್), ಬೀಟ್‌ರೂಟ್, ಗೆಣಸು, ಸುವರ್ಣಗಡ್ಡೆ ಎಲ್ಲಾ ಪಲ್ಯದ ಪಾಲು. ಇವನ್ನು ಕರಿಯಲು ಹೋದವರ ದೂರು ಹೆಚ್ಚುಕಡಿಮೆ ಒಂದೇ: ಎಣ್ಣೆಯಿಂದ ತೆಗೆದಾಗ ಚೆನ್ನಾಗಿತ್ತು, ತಟ್ಟೆಗೆ ಬರುವಷ್ಟರಲ್ಲಿ ಮೆತ್ತಗಾಯಿತು. ಹಾಗಾಗಿ ಕೆಳಗಿನ ಪ್ರಶ್ನೆಗಳಲ್ಲಿ ಅರ್ಧದಷ್ಟು ಅದರ ಸುತ್ತಲೇ ತಿರುಗುತ್ತವೆ.

ಉಳ್ಳಾಗಡ್ಡಿ ಭಜಿ ಚೆನ್ನಾಗಿ ಬರುತ್ತದೆ. ಅದೇ ಹಿಟ್ಟಿಗೆ ಗಜ್ಜರಿ, ಬೀಟ್‌ರೂಟ್ ತುರಿದು ಹಾಕಿದರೆ ಮೆತ್ತಗೆ. ಯಾಕೆ?

ನೀರು. ನೂರು ಗ್ರಾಂ ಗಜ್ಜರಿಯಲ್ಲಿ ಸುಮಾರು 88 ಗ್ರಾಂ ನೀರೇ ಇರುತ್ತದೆ. ಬೀಟ್‌ರೂಟ್ ಕೂಡ ಅಷ್ಟೇ. ಮೂಲಂಗಿಯಲ್ಲಿ ಇನ್ನೂ ಜಾಸ್ತಿ, 95ರ ಹತ್ತಿರ. ಆಲೂಗಡ್ಡೆಯಲ್ಲಿ 80ರ ಆಸುಪಾಸು.

ಭಜಿ ಎಣ್ಣೆಗೆ ಬಿದ್ದಾಗ ಅದರ ನೀರು ಹಬೆಯಾಗಿ ಹೊರಗೆ ಬರುತ್ತದೆ. ನಾವು ನೋಡುವ ಗುಳ್ಳೆಗಳು ಅವೇ. ಹೊರಮೈ ನೀರು ಹೋಗಿ ಒಣಗಿದಾಗ ಗಟ್ಟಿಯಾಗುತ್ತದೆ, ಕಚ್ಚಿದರೆ ಕರುಂ ಅನ್ನುತ್ತದೆ. ಒಳಗೆ ನೀರು ಜಾಸ್ತಿ ಉಳಿದಿದ್ದರೆ ತಟ್ಟೆಗೆ ಹಾಕಿದ ಮೇಲೂ ಹಬೆ ಹೊರಗೆ ಬರುತ್ತಲೇ ಇರುತ್ತದೆ. ಕಷ್ಟಪಟ್ಟು ಒಣಗಿಸಿದ ಹೊರಮೈಯನ್ನು ಅದೇ ಹಬೆ ಒದ್ದೆ ಮಾಡುತ್ತದೆ. ಹಿಟ್ಟು ಬದಲಿಸಿ, ಸೋಡಾ ಹಾಕಿ, ಉರಿ ಹೆಚ್ಚಿಸಿ ಏನೇ ಮಾಡಿ, ಗಡ್ಡೆಯ ನೀರು ಮೊದಲೇ ತೆಗೆಯದಿದ್ದರೆ ಉಪಯೋಗವಿಲ್ಲ.

ಸರಿ, ಆ ನೀರು ತೆಗೆಯೋದು ಹೇಗೆ?

ತುರಿದ ಗಡ್ಡೆಗೆ ಉಪ್ಪು ಹಾಕಿ ಕಲಸಿ ಹತ್ತು ನಿಮಿಷ ಬಿಡಿ. ಉಪ್ಪು ನೀರನ್ನು ಹೊರಗೆಳೆಯುತ್ತದೆ, ಪಾತ್ರೆಯ ತಳದಲ್ಲಿ ನಿಲ್ಲುತ್ತದೆ. ಆಮೇಲೆ ತೆಳು ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ ಹಿಂಡಿ. ಹಳೇ ಪಂಚೆಯ ತುಂಡು ಇದಕ್ಕೆ ಬಹಳ ಒಳ್ಳೆಯದು. ಕೈಯಲ್ಲೇ ಹಿಂಡಿದರೆ ಅರ್ಧ ನೀರು ಒಳಗೇ ಉಳಿಯುತ್ತದೆ. ಗಂಟು ತಿರುವಿ ತಿರುವಿ, ಹನಿ ನಿಲ್ಲುವವರೆಗೆ ಹಿಂಡಿ. ಅರ್ಧ ಕಿಲೋ ತುರಿ ತೆಗೆದುಕೊಂಡಿದ್ದರೆ ಉಳಿಯುವುದು ಮುನ್ನೂರೈವತ್ತು, ನಾನೂರು ಗ್ರಾಂ. ಕಡಿಮೆಯಾಯಿತು ಅಂತ ಬೇಜಾರಾಗಬೇಡಿ, ಹೋಗಿದ್ದು ನೀರು ಮಾತ್ರ.

ಹಿಂಡಿದ ನೀರನ್ನು ತಕ್ಷಣ ಚೆಲ್ಲಬೇಡಿ. ಅದರಲ್ಲಿ ಆಲೂಗಡ್ಡೆ ಇದ್ದರೆ ಐದು ನಿಮಿಷ ಅಲ್ಲಾಡಿಸದೆ ಇಡಿ. ಮೇಲಿನ ನೀರನ್ನು ಮೆಲ್ಲಗೆ ಬಗ್ಗಿಸಿದರೆ ತಳದಲ್ಲಿ ಬಿಳಿ ಪದರ ಅಂಟಿಕೊಂಡಿರುತ್ತದೆ. ಬೆರಳಲ್ಲಿ ಒತ್ತಿದರೆ ಗಟ್ಟಿ, ಕೆರೆದರೆ ಜಾರುತ್ತದೆ. ಅದು ಆಲೂಗಡ್ಡೆಯ ಪಿಷ್ಟ. ಅದನ್ನು ಕೆರೆದು ಮತ್ತೆ ತುರಿಗೇ ಸೇರಿಸಿ. ತುರಿ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ, ಗರಿಗರಿಯೂ ಹೆಚ್ಚುತ್ತದೆ, ಹಿಟ್ಟೂ ಕಡಿಮೆ ಸಾಕು. ಬೀಟ್‌ರೂಟ್ ಜೊತೆಗಿದ್ದರೆ ಈ ಪದರ ಗುಲಾಬಿ ಬಣ್ಣಕ್ಕಿರುತ್ತದೆ, ಅಷ್ಟೇ ವ್ಯತ್ಯಾಸ.

ಬಗ್ಗಿಸಿದ ನೀರಿನಲ್ಲಿ ಉಪ್ಪಿದೆ, ರುಚಿಯೂ ಇದೆ. ಸಾರಿಗೆ ಹಾಕಬಹುದು. ಆಗ ಸಾರಿಗೆ ಉಪ್ಪು ನೋಡಿಕೊಂಡು ಹಾಕಿ.

ನಾಲ್ಕು ಜನಕ್ಕೆ ಅಳತೆ ಹೇಳಿ ಅಕ್ಕಾ.

ಆಲೂಗಡ್ಡೆ ಕಾಲು ಕಿಲೋ, ಗಜ್ಜರಿ 150 ಗ್ರಾಂ, ಬೀಟ್‌ರೂಟ್ ಒಂದು ಸಣ್ಣದು (100 ಗ್ರಾಂ). ಉದ್ದಕ್ಕೆ ಹೆಚ್ಚಿದ ಉಳ್ಳಾಗಡ್ಡಿ ಒಂದು. ಕಡ್ಲಿ ಹಿಟ್ಟು 60 ಗ್ರಾಂ, ಅಂದರೆ ಆರು ದೊಡ್ಡ ಚಮಚ. ಅಕ್ಕಿ ಹಿಟ್ಟು ನಾಲ್ಕು ದೊಡ್ಡ ಚಮಚ. ಹಸಿಮೆಣಸಿನಕಾಯಿ ಮೂರು, ಅಜವಾನ ಅರ್ಧ ಚಮಚ, ಜೀರಿಗೆ ಅರ್ಧ ಚಮಚ, ಒಂದು ಹಿಡಿ ಕೊತ್ತಂಬರಿ, ಕರಿಬೇವು. ತುರಿಗೆ ಹಾಕಲು ಉಪ್ಪು ಒಂದು ಚಮಚ. ಹಿಂಡಿದಾಗ ಅದರಲ್ಲಿ ಸ್ವಲ್ಪ ಹೊರಟುಹೋಗುತ್ತದೆ. ಕಲಸಿದ ಮೇಲೆ ರುಚಿ ನೋಡಿ ಬೇಕಾದರೆ ಚಿಟಿಕೆ ಸೇರಿಸಿ.

ಕರಿಯಲು ಎಣ್ಣೆ ಅರ್ಧ ಲೀಟರ್. ಬಾಣಲೆಯಲ್ಲಿ ಎರಡು ಇಂಚು ಆಳ ಇರಲಿ.

ಆಲೂಗಡ್ಡೆಯನ್ನು ಪೂರ್ತಿ ಬಿಟ್ಟು ಬರೀ ಗಜ್ಜರಿ, ಬೀಟ್‌ರೂಟ್ ಮಾಡುವುದಾದರೆ ಅಕ್ಕಿ ಹಿಟ್ಟು ಇನ್ನೆರಡು ಚಮಚ ಜಾಸ್ತಿ ಬೇಕಾಗುತ್ತದೆ. ಹಿಡಿದುಕೊಳ್ಳಲು ಪಿಷ್ಟ ಇರುವುದಿಲ್ಲವಲ್ಲ.

ಕಲಸುವಾಗ ನೀರು ಎಷ್ಟು ಹಾಕಬೇಕು?

ಒಂದು ಹನಿಯೂ ಬೇಡ. ಹಿಂಡಿದ ತುರಿಯಲ್ಲಿ ಉಳಿದ ತೇವವೇ ಹಿಟ್ಟಿಗೆ ಸಾಕು. ಮೊದಲು ಒಣ ಒಣ ಅನ್ನಿಸುತ್ತದೆ. ಬೆರಳ ತುದಿಯಲ್ಲಿ ಎರಡು ನಿಮಿಷ ಕಲಸಿ, ತಾನೇ ಕೂಡಿಕೊಳ್ಳುತ್ತದೆ. ಅಂಗೈಯಲ್ಲಿ ಒತ್ತಿದರೆ ನಿಲ್ಲಬೇಕು, ಆದರೆ ಉಂಡೆಯಂತೆ ನುಣ್ಣಗಿರಬಾರದು. ಕೊನೆಗೆ ಒಂದು ದೊಡ್ಡ ಚಮಚ ಬಿಸಿ ಎಣ್ಣೆ ಹಾಕಿ ಚಮಚದಲ್ಲೇ ತಿರುವಿ.

ಕಲಸಿದ ಮೇಲೆ ಕಾಯಬೇಡಿ. ಉಪ್ಪು ಇನ್ನೂ ಕೆಲಸ ಮಾಡುತ್ತಲೇ ಇರುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಮತ್ತೆ ನೀರು ಒಡೆದಿರುತ್ತದೆ. ಆಗ ಇನ್ನಷ್ಟು ಹಿಟ್ಟು ಸುರಿಯುತ್ತೇವೆ, ಕಡೆಗೆ ತಿನ್ನುವುದು ಗಡ್ಡೆ ಭಜಿ ಅಲ್ಲ, ಹಿಟ್ಟಿನ ಭಜಿ. ಎಣ್ಣೆ ಒಲೆ ಮೇಲಿಟ್ಟ ನಂತರವೇ ಕಲಸಲು ಕೂರಿ.

ಕಡ್ಲಿ ಹಿಟ್ಟು ಒಂದೇ ಸಾಲದಾ? ಜೋಳದ ಹಿಟ್ಟು ನಡೆಯುತ್ತದಾ?

ಕಡ್ಲಿ ಹಿಟ್ಟು ರುಚಿ ಕೊಡುತ್ತದೆ, ಬಣ್ಣ ಕೊಡುತ್ತದೆ, ತುರಿಯನ್ನು ಹಿಡಿದಿಡುತ್ತದೆ. ಆದರೆ ಅದೊಂದೇ ಆದರೆ ಆರಿದ ಮೇಲೆ ಮೆತ್ತಗಾಗುತ್ತದೆ. ಅಕ್ಕಿ ಹಿಟ್ಟು ಸೇರಿಸಿದರೆ ಗಟ್ಟಿ ಪದರ ಬರುತ್ತದೆ, ಜಾಸ್ತಿ ಹೊತ್ತು ನಿಲ್ಲುತ್ತದೆ. ತುಂಗಭದ್ರಾ ನೀರಾವರಿಯ ಈ ಸೀಮೆಯಲ್ಲಿ ಸೋನಾ ಮಸೂರಿಗೆ ಬರವಿಲ್ಲ. ಮನೆಯ ಅಕ್ಕಿಯನ್ನೇ ಗಿರಣಿಗೆ ಒಯ್ದು ಸ್ವಲ್ಪ ತರಿತರಿಯಾಗಿ ಬೀಸಿಸಿ. ನುಣ್ಣಗಿನ ಪ್ಯಾಕೆಟ್ ಹಿಟ್ಟಿಗಿಂತ ಇದು ಭಜಿಗೆ ಮೇಲು. ಕಡ್ಲಿ ಹಿಟ್ಟೂ ಹಾಗೆಯೇ. ಯಲಬುರ್ಗಾ, ಕುಷ್ಟಗಿ ಕಡೆ ಹಿಂಗಾರಿಗೆ ಎರೆ ಹೊಲದಲ್ಲಿ ಕಡ್ಲಿ ಬೆಳೆಯುತ್ತಾರಲ್ಲ, ಆ ಕಡೆ ನೆಂಟರಿದ್ದರೆ ಬೇಳೆಯನ್ನೇ ತರಿಸಿಕೊಂಡು ಬೀಸಿಸಿಕೊಳ್ಳಿ.

ಬಿಳಿ ಜೋಳದ ಹಿಟ್ಟು ಖಂಡಿತ ನಡೆಯುತ್ತದೆ. ಅಕ್ಕಿ ಹಿಟ್ಟಿನ ಅರ್ಧಭಾಗ ತೆಗೆದು ಜೋಳದ್ದು ಹಾಕಿ. ಕಡಿದರೆ ಸ್ವಲ್ಪ ಒರಟು ಗರಿಗರಿ, ನನಗಂತೂ ಗಜ್ಜರಿ ಭಜಿಗೆ ಇದೇ ಇಷ್ಟ. ಪೂರ್ತಿ ಜೋಳವೇ ಆದರೆ ಪುಡಿಪುಡಿಯಾಗಿ ಎಣ್ಣೆಯಲ್ಲಿ ಉದುರುತ್ತದೆ.

ಸಜ್ಜೆ ಹಿಟ್ಟು ಹಾಕುವುದಾದರೆ ಅದೇ ವಾರ ಬೀಸಿದ್ದು ಇರಲಿ. ಸಜ್ಜೆಯಲ್ಲಿ ಕೊಬ್ಬಿನ ಅಂಶ ಜಾಸ್ತಿ, ಹಿಟ್ಟು ಬೇಗ ಕಹಿಯಾಗುತ್ತದೆ. ಮೈದಾ ಬೇಡ. ಬಿಸಿ ಇದ್ದಾಗ ಚೆನ್ನಾಗಿರುತ್ತದೆ, ಆರಿದರೆ ರಬ್ಬರು.

ಸೋಡಾ ಹಾಕಬೇಕಾ?

ತುರಿದ ಗಡ್ಡೆಯ ಭಜಿಗೆ ಬೇಡವೇ ಬೇಡ. ಉಬ್ಬಿ ಒಳಗೆ ತೂತುಗಳಾಗಿ ಎಣ್ಣೆ ಕುಡಿಯುತ್ತದೆ. ಬಿಲ್ಲೆ ಮಾಡಿ ಹಿಟ್ಟಿನಲ್ಲಿ ಅದ್ದುವ ಭಜಿಗೆ ಚಿಟಿಕೆ ಹಾಕಬಹುದು. ಅದಕ್ಕೂ ಒಂದು ಚಮಚ ಬಿಸಿ ಎಣ್ಣೆಯೇ ಸಾಕು ಅನ್ನುವುದು ನನ್ನ ಮತ.

ಇನ್ನೊಂದು ವಿಷಯ. ಸೋಡಾ ಹಾಕಿದ ಹಿಟ್ಟಿನಲ್ಲಿ ಅರಿಶಿನ ಇದ್ದರೆ ಅಲ್ಲಲ್ಲಿ ಕೆಂಪು ಚುಕ್ಕೆ ಏಳುತ್ತವೆ. ಹಿಟ್ಟು ಕೆಟ್ಟಿದೆ ಅಂತ ಕೆಲವರು ಚೆಲ್ಲಿಬಿಡುತ್ತಾರೆ. ಕೆಟ್ಟಿಲ್ಲ. ಸೋಡಾ ಕ್ಷಾರ, ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ. ಸೋಡಾ ಸರಿಯಾಗಿ ಕರಗದೆ ಗಂಟಾಗಿ ಉಳಿದಿದೆ ಅನ್ನುವುದಕ್ಕೆ ಗುರುತು ಅದು.

ಎಣ್ಣೆ ಸರಿಯಾಗಿ ಕಾದಿದೆ ಅಂತ ಗೊತ್ತಾಗೋದು ಹೇಗೆ? ಥರ್ಮಾಮೀಟರ್ ಎಲ್ಲಾ ನಮ್ಮ ಹತ್ತಿರ ಇಲ್ಲ.

ಬೇಡ ಬಿಡಿ. ಕಡಲೆ ಕಾಳಿನಷ್ಟು ಹಿಟ್ಟು ಹಾಕಿ ನೋಡಿ. ತಳಕ್ಕೆ ಹೋಗಿ ಅಲ್ಲೇ ಕೂತರೆ ಎಣ್ಣೆ ಇನ್ನೂ ತಣ್ಣಗಿದೆ. ಬಿದ್ದ ಕೂಡಲೇ ಮೇಲೆದ್ದು ಕಂದು ಬಣ್ಣಕ್ಕೆ ತಿರುಗಿದರೆ ಜಾಸ್ತಿ ಕಾದಿದೆ. ಒಂಚೂರು ಮುಳುಗಿ, ಎರಡು ಮೂರು ಸೆಕೆಂಡಿನಲ್ಲಿ ಗುಳ್ಳೆಯೆಬ್ಬಿಸುತ್ತಾ ಮೇಲೆ ಬಂದರೆ ಸರಿ. ಡಿಗ್ರಿ ಲೆಕ್ಕದಲ್ಲಿ ಅದು 170ರಿಂದ 180. 150ಕ್ಕಿಂತ ಕೆಳಗೆ ಹೋದರೆ ಹೊರಪದರ ಬೇಗ ಗಟ್ಟಿಯಾಗದೆ ಭಜಿ ಎಣ್ಣೆಯಲ್ಲಿ ನೆನೆಯುತ್ತದೆ.

ಕಣ್ಣಿಗಿಂತ ಕಿವಿ ಚೆನ್ನಾಗಿ ಹೇಳುತ್ತದೆ. ಹಾಕಿದಾಗ ಜೋರಾಗಿ ಸೊರಸೊರ ಸದ್ದು, ದೊಡ್ಡ ದೊಡ್ಡ ಗುಳ್ಳೆ. ಮೂರು ನಾಲ್ಕು ನಿಮಿಷ ಕಳೆದರೆ ಸದ್ದು ಇಳಿದು ಸಣ್ಣಗೆ ಚಿಟಚಿಟ ಅನ್ನುತ್ತದೆ, ಗುಳ್ಳೆ ಸಾಸಿವೆ ಗಾತ್ರಕ್ಕೆ ಬರುತ್ತವೆ. ಝಾರಿಯಲ್ಲಿ ಎತ್ತಿದರೆ ಭಜಿ ಹಗುರ ಅನ್ನಿಸುತ್ತದೆ, ಝಾರಿಗೆ ತಾಗಿದಾಗ ಗಡುಸು ಸದ್ದು ಬರುತ್ತದೆ. ನೀರು ಹೋಗಿದೆ, ತೆಗೆಯಿರಿ.

ಗವಿಮಠದ ಜಾತ್ರೆಯ ದಾಸೋಹದಲ್ಲಿ ಲಕ್ಷಗಟ್ಟಲೆ ಮಿರ್ಚಿ ಕರಿದರೂ ಒಂದೊಂದೂ ಚೆನ್ನಾಗಿರುತ್ತೆ. ಮನೇಲಿ ಇಪ್ಪತ್ತು ಕರಿಯೋಕೆ ಯಾಕೆ ಇಷ್ಟು ಕಷ್ಟ?

ಬಾಣಲೆ ನೋಡಿದ್ದೀರಲ್ಲ ಅಲ್ಲಿ? ಅಷ್ಟು ಎಣ್ಣೆ, ಅದರ ಕೆಳಗೆ ಅಂಥ ಉರಿ. ಒಂದು ಬುಟ್ಟಿ ಮಿರ್ಚಿ ಬಿಟ್ಟರೂ ಆ ಎಣ್ಣೆಯ ಕಾವು ಬೇಗ ಇಳಿಯುವುದಿಲ್ಲ. ನಮ್ಮದು ಅರ್ಧ ಲೀಟರ್. ಅದಕ್ಕೆ ಒಂದೇ ಸಲ ಹತ್ತು ಭಜಿ ಹಾಕಿದರೆ ಎಣ್ಣೆ ತಣ್ಣಗಾಗಿ ಕೂತುಬಿಡುತ್ತದೆ. ನಾಲ್ಕು, ಜಾಸ್ತಿ ಅಂದರೆ ಐದು ಹಾಕಿ. ಭಜಿಗಳ ನಡುವೆ ಎಣ್ಣೆ ಕಾಣುತ್ತಿರಬೇಕು. ಹಾಕಿದ ಕೂಡಲೇ ಉರಿ ಸ್ವಲ್ಪ ಏರಿಸಿ, ಅರ್ಧ ನಿಮಿಷದ ನಂತರ ಮಧ್ಯಮಕ್ಕೆ ತನ್ನಿ. ಒಂದು ಸುತ್ತು ತೆಗೆದ ಮೇಲೆ ಒಂದು ನಿಮಿಷ ಎಣ್ಣೆ ಮತ್ತೆ ಕಾಯಲು ಬಿಡಿ.

ದಪ್ಪ ತಳದ ಕಬ್ಬಿಣದ ಬಾಣಲೆ ಇದ್ದರೆ ಅದನ್ನೇ ತೆಗೆಯಿರಿ. ಕಾವು ಹಿಡಿದಿಟ್ಟುಕೊಳ್ಳುತ್ತದೆ.

ಬಂಡಿಯವರು ಎರಡು ಸಲ ಕರಿಯುತ್ತಾರಲ್ಲ, ಅದು ಗಿರಾಕಿಗೆ ಬಿಸಿಯಾಗಿ ಕೊಡೋಕಾ ಅಥವಾ ರುಚಿಗಾ?

ಎರಡಕ್ಕೂ. ಮೊದಲ ಸಲ ಕಡಿಮೆ ಕಾವಿನಲ್ಲಿ, 150–160 ಡಿಗ್ರಿಯಲ್ಲಿ, ಒಳಗೆ ಬೇಯುತ್ತದೆ. ತೆಗೆದು ಹತ್ತು ನಿಮಿಷ ಇಟ್ಟಾಗ ಒಳಗಿನ ತೇವ ಮೆಲ್ಲಗೆ ಹೊರಮೈಗೆ ಬರುತ್ತದೆ. ಎರಡನೇ ಸಲ ಜೋರು ಕಾವಿನಲ್ಲಿ ಒಂದು ನಿಮಿಷ ಕರಿದರೆ ಆ ತೇವವೂ ಹಾರಿಹೋಗುತ್ತದೆ. ಮನೆಗೆ ನೆಂಟರು ಬರುವವರಿದ್ದರೆ ಇದಕ್ಕಿಂತ ಸಲೀಸು ದಾರಿ ಇಲ್ಲ. ಮೊದಲ ಸುತ್ತು ಸಂಜೆ ನಾಲ್ಕಕ್ಕೇ ಮುಗಿಸಿಡಿ, ಅವರು ಬಂದು ಕೂತ ಮೇಲೆ ಎರಡನೆಯದು.

ಯಾವ ಎಣ್ಣೆ ಒಳ್ಳೆಯದು?

ಶೇಂಗಾ ಎಣ್ಣೆ. ಕಾವು ತಡೆಯುತ್ತದೆ, ಗಡ್ಡೆಯ ಸಿಹಿಗೆ ಅದರ ಪರಿಮಳ ಹೊಂದುತ್ತದೆ. ಸೂರ್ಯಕಾಂತಿಯ ರಿಫೈನ್ಡ್ ಎಣ್ಣೆಯಲ್ಲೂ ಗರಿಗರಿಗೆ ಕೊರತೆ ಇಲ್ಲ, ರುಚಿ ಮಾತ್ರ ಸಪ್ಪೆ. ಗಾಣದ ಕುಸುಬಿ ಎಣ್ಣೆ ಬೇಗ ಹೊಗೆಯಾಡುತ್ತದೆ. ಅದನ್ನು ಒಗ್ಗರಣೆಗೆ, ಚಟ್ನಿಪುಡಿಗೆ ಇಟ್ಟುಕೊಳ್ಳಿ.

ಎಣ್ಣೆಯಲ್ಲಿ ಭಜಿ ಬಿಚ್ಚಿಹೋಗುತ್ತದೆ.

ಹೆಚ್ಚಿನ ಸಲ ಕೈ ಅವಸರದ ತಪ್ಪು. ಹಾಕಿದ ಮೊದಲ ಒಂದು ನಿಮಿಷ ಝಾರಿ ಮುಟ್ಟಿಸಲೇಬೇಡಿ. ತಳ ಗಟ್ಟಿಯಾದ ಮೇಲೆ ಅದೇ ಸರಿದಾಡುತ್ತದೆ, ಆಗ ತಿರುವಿ. ಆಮೇಲೂ ಬಿಚ್ಚಿದರೆ ಎಣ್ಣೆ ಕಾದಿಲ್ಲ, ಇಲ್ಲವೇ ತುರಿ ತೀರಾ ದಪ್ಪ. ಒಂದು ಚಮಚ ಅಕ್ಕಿ ಹಿಟ್ಟು ಸೇರಿಸಿ ನೋಡಿ.

ಆಕಾರದ ಬಗ್ಗೆಯೂ ಒಂದು ಮಾತು. ಉಂಡೆ ಕಟ್ಟಬೇಡಿ, ಒಳಗೆ ಹಸಿ ಉಳಿಯುತ್ತದೆ. ಬೆರಳಲ್ಲಿ ಎತ್ತಿ ಸಡಿಲವಾಗಿ ಚಪ್ಪಟೆ ಒತ್ತಿ, ಅರ್ಧ ಇಂಚಿಗಿಂತ ತೆಳ್ಳಗೆ. ಅಂಚಿನಲ್ಲಿ ತುರಿಯ ಎಳೆಗಳು ಕೆದರಿಕೊಂಡಿರಲಿ, ಸವರಿ ಒಳಗೆ ಸೇರಿಸಬೇಡಿ. ಮೊದಲು ಗರಿಗರಿಯಾಗುವುದು ಆ ಎಳೆಗಳೇ. ಮಕ್ಕಳು ಮೊದಲು ಕಿತ್ತು ತಿನ್ನುವುದೂ ಅವನ್ನೇ.

ಬೀಟ್‌ರೂಟ್ ಹಾಕಿದರೆ ಸುಟ್ಟ ಹಾಗೆ ಕಪ್ಪಾಗುತ್ತದೆ. ಸುಟ್ಟಿದೆಯೋ ಬೆಂದಿದೆಯೋ ತಿಳಿಯಲ್ಲ.

ಬೀಟ್‌ರೂಟಿನ ಕೆಂಪು ಬಣ್ಣ ಕಾವು ತಾಳುವುದಿಲ್ಲ, ಕಂದಾಗುತ್ತದೆ. ಜೊತೆಗೆ ಅದರ ಸಕ್ಕರೆಯೂ ಬೇಗ ಕೆಂಪಗಾಗುತ್ತದೆ. ಹಾಗಾಗಿ ಬಣ್ಣ ನಂಬಬೇಡಿ, ಗುಳ್ಳೆ ಮತ್ತು ಸದ್ದು ನಂಬಿ. ಬೀಟ್‌ರೂಟ್ ಒಟ್ಟು ಗಡ್ಡೆಯ ಐದನೇ ಒಂದು ಭಾಗ ಮೀರದಿದ್ದರೆ ಈ ತೊಂದರೆ ಅಷ್ಟಾಗಿ ಇರುವುದಿಲ್ಲ.

ಮರುದಿನ ಬೆಳಿಗ್ಗೆ ಮೂತ್ರ ಗುಲಾಬಿ ಬಣ್ಣಕ್ಕೆ ಬಂದಿತೆಂದು ಹೆದರಿದವರಿದ್ದಾರೆ. ಬೀಟ್‌ರೂಟ್ ತಿಂದ ಮೇಲೆ ಕೆಲವರಿಗೆ ಹಾಗಾಗುತ್ತದೆ, ತಾನೇ ಸರಿಯಾಗುತ್ತದೆ. ಬೀಟ್‌ರೂಟ್ ತಿನ್ನದೆಯೂ ಬಣ್ಣ ಕಂಡರೆ ಡಾಕ್ಟರ ಹತ್ತಿರ ಹೋಗಿ.

ಶಿವರಾತ್ರಿ ಹೊತ್ತಿಗೆ ಗೆಣಸು ರಾಶಿ ಬರುತ್ತದೆ. ಅದರ ಭಜಿ ಹೇಗೆ?

ಬೆಳಗಾವಿ ಕಡೆಯ ಗೆಣಸು ಸಿಕ್ಕರೆ ತಪ್ಪದೆ ಮಾಡಿ. ಗೆಣಸನ್ನು ತುರಿಯುವುದಕ್ಕಿಂತ ಬಿಲ್ಲೆ ಹೆಚ್ಚುವುದು ವಾಸಿ, ಮೂರು ಮಿಲಿಮೀಟರ್ ದಪ್ಪ. ಸಿಪ್ಪೆ ಚೆನ್ನಾಗಿ ತಿಕ್ಕಿ ತೊಳೆದರೆ ಹೆರೆಯುವ ಅಗತ್ಯವಿಲ್ಲ. ಬಟ್ಟೆಯ ಮೇಲೆ ಹರಡಿ ಒರೆಸಿ. ಹಿಟ್ಟು ಹೀಗೆ: ಒಂದು ಕಪ್ ಕಡ್ಲಿ ಹಿಟ್ಟು, ಮೂರು ಚಮಚ ಅಕ್ಕಿ ಹಿಟ್ಟು, ಖಾರದಪುಡಿ, ಅಜವಾನ, ಉಪ್ಪು. ನೀರು ಅರ್ಧ ಕಪ್‌ನಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಸೇರಿಸಿ. ಬಿಲ್ಲೆ ಅದ್ದಿ ಎತ್ತಿದರೆ ತೆಳ್ಳಗೆ ಅಂಟಿ, ಹೆಚ್ಚಿದ್ದು ಜಾರಿ ಬೀಳಬೇಕು.

ಉರಿ ಮಧ್ಯಮಕ್ಕಿಂತ ಒಂಚೂರು ಕಡಿಮೆ. ಗೆಣಸಿನಲ್ಲಿ ಸಕ್ಕರೆ ಜಾಸ್ತಿ, ಜೋರು ಉರಿಯಲ್ಲಿ ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಖಾರದಪುಡಿ ಧಾರಾಳವಾಗಿ ಹಾಕಿ. ಸಿಹಿ-ಖಾರ ಕೂಡಿದರೇನೇ ಇದರ ಮಜಾ.

ಉಪವಾಸಕ್ಕೆ?

ಆಲೂಗಡ್ಡೆ, ಗೆಣಸು ತುರಿದು ಹಿಂಡಿ, ಸಾಬೂದಾನಿ ಹಿಟ್ಟು, ಹುರಿದು ಕುಟ್ಟಿದ ಶೇಂಗಾ ಪುಡಿ, ಹಸಿಮೆಣಸಿನಕಾಯಿ, ಜೀರಿಗೆ, ಸೈಂಧವ ಲವಣ. ಅಷ್ಟೇ. ಯಾವುದು ನಡೆಯುತ್ತದೆ, ಯಾವುದು ಇಲ್ಲ ಅನ್ನುವುದು ಒಂದೊಂದು ಮನೆಯಲ್ಲಿ ಒಂದೊಂದು ಥರ. ಮನೆಯ ಹಿರಿಯರನ್ನು ಕೇಳಿಕೊಳ್ಳಿ.

ಸುವರ್ಣಗಡ್ಡೆ, ಶ್ಯಾಮಗಡ್ಡೆ ಹೆಚ್ಚಿದರೆ ಕೈ ತುರಿಸುತ್ತದೆ, ಸರಿಯಾಗಿ ಬೇಯದಿದ್ದರೆ ಗಂಟಲೂ ಕೆರೆಯುತ್ತದೆ. ಇವನ್ನೂ ತುರಿದು ಕರಿಯಬಹುದಾ?

ಹಸಿಯಾಗಿ ತುರಿದು ಕರಿಯಬೇಡಿ. ಈ ಗಡ್ಡೆಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ, ಕಣ್ಣಿಗೆ ಕಾಣದಷ್ಟು ಸಣ್ಣವು. ಚುಚ್ಚುವುದು ಅವೇ. ಭಜಿ ಎಣ್ಣೆಯಲ್ಲಿರುವ ಮೂರು ನಾಲ್ಕು ನಿಮಿಷ ಇವಕ್ಕೆ ಸಾಲದು.

ಕೈಗೆ ಎಣ್ಣೆ ಸವರಿಕೊಂಡು, ಕೈಯೂ ಗಡ್ಡೆಯೂ ಒಣಗಿರುವಾಗ ಹೆಚ್ಚಿ. ಸುವರ್ಣಗಡ್ಡೆಯನ್ನು ಅರ್ಧ ಇಂಚಿನ ಹೋಳು ಮಾಡಿ, ಹುಣಸೆಹಣ್ಣು ಕಿವುಚಿದ ನೀರಿಗೆ ಉಪ್ಪು ಹಾಕಿ ಕುದಿಸಿ. ಚಾಕು ಸಲೀಸಾಗಿ ಇಳಿಯಬೇಕು, ಆದರೆ ಹೋಳು ಒಡೆಯಬಾರದು. ನೀರು ಬಸಿದು, ಬಟ್ಟೆಯ ಮೇಲೆ ಪೂರ್ತಿ ಆರಿಸಿ. ಖಾರದಪುಡಿ, ಅರಿಶಿನ, ಉಪ್ಪು ಸವರಿ, ಅಕ್ಕಿ ಹಿಟ್ಟು ಮತ್ತು ಸಣ್ಣ ರವೆ ಬೆರೆಸಿದ್ದರಲ್ಲಿ ಹೊರಳಿಸಿ ಹಂಚಿನ ಮೇಲೆ ಎಣ್ಣೆ ಬಿಟ್ಟು ಎರಡೂ ಕಡೆ ಕರಿಯಿರಿ. ಸುವರ್ಣಗಡ್ಡೆ ತಿನ್ನದವರೂ ಇದನ್ನು ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ.

ಶ್ಯಾಮಗಡ್ಡೆಯನ್ನು ಸಿಪ್ಪೆ ಸಮೇತ ಬೇಯಿಸಿ, ಸುಲಿದು, ಅಂಗೈಯಿಂದ ಚಪ್ಪಟೆ ಒತ್ತಿ. ಲೋಳೆ ಬರುತ್ತದೆ. ಅದನ್ನು ಅರ್ಧ ಗಂಟೆ ಗಾಳಿಗೆ ಆರಲು ಬಿಟ್ಟು ಆಮೇಲೆ ಅಕ್ಕಿ ಹಿಟ್ಟಿನಲ್ಲಿ ಹೊರಳಿಸಿ. ಲೋಳೆ ಆರದಿದ್ದರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ.

ಮರಗೆಣಸು?

ನಮ್ಮ ಸಂತೆಗಳಲ್ಲಿ ಅಪರೂಪ. ಸಿಕ್ಕರೆ ಸಿಪ್ಪೆ ದಪ್ಪಗೆ ತೆಗೆದು, ಹೋಳು ಮಾಡಿ ನೀರಲ್ಲಿ ನೆನೆಸಿ, ಪೂರ್ತಿ ಬೇಯಿಸಿ ನೀರು ಚೆಲ್ಲಿದ ಮೇಲೆಯೇ ಕರಿಯಿರಿ. ಹಸಿ ಮರಗೆಣಸಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇರುತ್ತದೆ.

ಮೂಲಂಗಿ ಭಜಿಯ ವಾಸನೆ ಹೋಗಿಸೋದು ಹೇಗೆ?

ಉಪ್ಪು ಹಾಕಿ ಗಟ್ಟಿಯಾಗಿ ಹಿಂಡಿದರೆ ಬಹಳಷ್ಟು ನೀರಿನ ಜೊತೆಗೇ ಹೋಗುತ್ತದೆ. ಅಜವಾನ ಸ್ವಲ್ಪ ಜಾಸ್ತಿ ಹಾಕಿ. ಎಳೇ ಎಲೆಗಳನ್ನು ಎಸೆಯಬೇಡಿ, ಸಣ್ಣಗೆ ಹೆಚ್ಚಿ ಸೇರಿಸಿ. ನಿಜ ಹೇಳಬೇಕೆಂದರೆ ಎಲೆ ಹಾಕಿದ್ದೇ ಮೂಲಂಗಿ ಭಜಿ.

ಆಲೂಗಡ್ಡೆ ಬಿಲ್ಲೆ ಭಜಿ ಕರಿದರೆ ಒಂದು ಸಲ ಬಂಗಾರದ ಬಣ್ಣ, ಇನ್ನೊಂದು ಸಲ ಕಂದು. ಒಂದೇ ಅಂಗಡಿಯ ಆಲೂಗಡ್ಡೆ.

ಫ್ರಿಜ್ಜಿನಲ್ಲಿ ಇಟ್ಟಿದ್ದಿರಾ? ತಣ್ಣಗಿನ ಜಾಗದಲ್ಲಿ ಆಲೂಗಡ್ಡೆಯ ಪಿಷ್ಟ ಸಕ್ಕರೆಯಾಗಿ ಬದಲಾಗುತ್ತದೆ. ಸಕ್ಕರೆ ಜಾಸ್ತಿಯಾದರೆ ಕರಿಯುವಾಗ ಬೇಗ ಕಂದಾಗುತ್ತದೆ. 120 ಡಿಗ್ರಿ ದಾಟಿದ ಕಾವಿನಲ್ಲಿ ಆಗುವ ಅಕ್ರಿಲಮೈಡ್ ಅನ್ನುವ ಬೇಡದ ಅಂಶವೂ ಅಂಥ ಆಲೂಗಡ್ಡೆಯಲ್ಲಿ ಹೆಚ್ಚುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮೂರುಗಳಲ್ಲಿ ಹೊರಗಿಟ್ಟರೆ ಮೊಳಕೆ ಬರುತ್ತದೆ, ಅದೂ ನಿಜ. ಏಪ್ರಿಲ್, ಮೇ ತಿಂಗಳಲ್ಲಿ ವಾರಕ್ಕಾಗುವಷ್ಟೇ ತನ್ನಿ. ಬುಟ್ಟಿಯಲ್ಲಿ, ಕತ್ತಲಲ್ಲಿ, ಗಾಳಿ ಆಡುವ ಕಡೆ ಇಡಿ.

ಹೆಚ್ಚಿದ ಬಿಲ್ಲೆಯನ್ನು ಇಪ್ಪತ್ತು ನಿಮಿಷ ನೀರಲ್ಲಿ ಬಿಟ್ಟು ಒರೆಸಿ ಕರಿದರೆ ಬಣ್ಣ ಸಮನಾಗಿ ಬರುತ್ತದೆ. ಹಸಿರು ತಿರುಗಿದ ಆಲೂಗಡ್ಡೆ ಬೇಡ. ಅದರ ಸೋಲನಿನ್ ಕರಿದರೂ ಹೋಗುವುದಿಲ್ಲ.

ಎಣ್ಣೆ ಕಡಿಮೆ ಮಾಡಬೇಕು, ಮನೇಲಿ ಶುಗರ್ ಇರುವವರಿದ್ದಾರೆ.

ಪಡ್ಡಿನ ಹಂಚು ತೆಗೆಯಿರಿ. ಗುಳಿಗೆ ಅರ್ಧ ಚಮಚ ಎಣ್ಣೆ, ಸಣ್ಣ ಉರಿ, ಮುಚ್ಚಳ ಹಾಕದೆ ತಿರುವಿ ತಿರುವಿ ಬೇಯಿಸಿ. ಮುಚ್ಚಿದರೆ ಹಬೆ ಒಳಗೇ ತಿರುಗಿ ಮೆತ್ತಗಾಗುತ್ತದೆ. ಏರ್ ಫ್ರೈಯರ್ ಇದ್ದರೆ ಎಣ್ಣೆ ಸವರಿ 200 ಡಿಗ್ರಿಯಲ್ಲಿ ಹದಿನೈದು ನಿಮಿಷ, ನಡುವೆ ಒಮ್ಮೆ ತಿರುವಿ. ಚೆನ್ನಾಗಿರುತ್ತದೆ, ಬಾಣಲೆಯ ಭಜಿಯಂತೆ ಇರುತ್ತದೆ ಅಂತ ಮಾತ್ರ ನಾನು ಹೇಳಲಾರೆ. ಶುಗರ್ ಇರುವವರಿಗೆ ಎಣ್ಣೆಯೊಂದೇ ಲೆಕ್ಕವಲ್ಲ, ಆಲೂಗಡ್ಡೆ, ಗೆಣಸಿನ ಪ್ರಮಾಣವೂ ಲೆಕ್ಕಕ್ಕೆ ಬರುತ್ತದೆ. ಮೂಲಂಗಿ, ಗಜ್ಜರಿ ಜಾಸ್ತಿ ಮಾಡಿ.

ಕರಿದ ಮೇಲೆ ಪೇಪರ್ ಮೇಲೆ ಹಾಕಬಹುದಾ?

ಸುದ್ದಿಪತ್ರಿಕೆ ಬೇಡ. ಅಚ್ಚಿನ ಮಸಿ ಬಿಸಿ ಎಣ್ಣೆಗೆ ಹತ್ತುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಇದರ ಬಗ್ಗೆ ಎಚ್ಚರಿಸಿದೆ. ಬಂಡಿಯಲ್ಲಿ ಕೊಟ್ಟರೆ ತಟ್ಟೆ ಕೇಳಿ.

ಮನೆಯಲ್ಲಿ ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಡುವುದು ಎಲ್ಲಕ್ಕಿಂತ ಒಳ್ಳೆಯದು, ಕೆಳಗಿನಿಂದಲೂ ಗಾಳಿ ಆಡುತ್ತದೆ. ಜಾಲರಿ ಇಲ್ಲದಿದ್ದರೆ ಹಿಟ್ಟು ಸೋಸುವ ಜರಡಿ ಬೋರಲು ಹಾಕಿ. ಒಂದರ ಮೇಲೊಂದು ಗುಡ್ಡೆ ಹಾಕಿದರೆ ಒಂದರ ಹಬೆಗೆ ಇನ್ನೊಂದು ಮೆತ್ತಗಾಗುತ್ತದೆ.

ಮಕ್ಕಳ ಡಬ್ಬಿಗೆ ಕಳಿಸಬಹುದಾ?

ಗರಿಗರಿಯಾಗಿ ಉಳಿಯುವುದಿಲ್ಲ. ಪೂರ್ತಿ ಆರಿದ ಮೇಲೆ ಹಾಕಿ, ರೊಟ್ಟಿ ನಡುವೆ ಚಟ್ನಿ ಹಚ್ಚಿ ಸುತ್ತಿ ಕೊಡಿ. ಆಗ ಮೆತ್ತಗಾದರೂ ತಿನ್ನಲು ಬೇಸರವಿಲ್ಲ. ಮನೆಯಲ್ಲೇ ಉಳಿದ ಭಜಿಯನ್ನು ಒಣ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಮೈಕ್ರೋವೇವ್ ಬೇಡ, ಚರ್ಮದ ಹಾಗೆ ಜಗ್ಗುತ್ತದೆ.

ಜೊತೆಗೆ ಏನು?

ಇದನ್ನೂ ಕೇಳಬೇಕಾ! ಮಂಡಾಳ (ಮಂಡಕ್ಕಿ) ಒಗ್ಗರಣಿ. ಮೇಲೆ ಪುಟಾಣಿ ಪುಡಿ, ಹಸಿ ಉಳ್ಳಾಗಡ್ಡಿ, ನಿಂಬೆ ರಸ. ಗಡ್ಡೆ ಭಜಿ ಸ್ವಲ್ಪ ಸಿಹಿ ಇರುವುದರಿಂದ ಒಗ್ಗರಣಿಗೆ ಹಸಿಮೆಣಸಿನಕಾಯಿ ಒಂದೆರಡು ಜಾಸ್ತಿ ಬೀಳಲಿ. ಸುವರ್ಣಗಡ್ಡೆಗೆ ಮಾತ್ರ ಗಟ್ಟಿ ಮೊಸರು, ಕೆಂಪು ಖಾರ.

ಎಣ್ಣೆಗೆ ಬೆಂಕಿ ಹತ್ತಿದರೆ?

ಗ್ಯಾಸ್ ಆರಿಸಿ. ದೊಡ್ಡ ಮುಚ್ಚಳ ಅಥವಾ ತಟ್ಟೆ ಪಕ್ಕದಿಂದ ಜಾರಿಸಿ ಬಾಣಲೆ ಮುಚ್ಚಿ. ನೀರು ಹಾಕಬೇಡಿ, ಬಾಣಲೆ ಎತ್ತಿಕೊಂಡು ಓಡಬೇಡಿ. ತಣ್ಣಗಾಗುವವರೆಗೆ ಮುಚ್ಚಳ ತೆಗೆಯಬೇಡಿ. ಕರಿಯಲು ನಿಂತಾಗ ಮುಚ್ಚಳ ಕೈಗೆ ಸಿಗುವ ಹಾಗೆ ಇಟ್ಟುಕೊಂಡೇ ಶುರು ಮಾಡಿ.

ಉಳಿದ ಎಣ್ಣೆ ಏನು ಮಾಡೋದು?

ಪೂರ್ತಿ ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ. ತಳದಲ್ಲಿ ಉಳಿದ ಕಪ್ಪು ಚೂರುಗಳು ಮುಂದಿನ ಸಲ ಸುಟ್ಟು ಎಣ್ಣೆಯನ್ನೆಲ್ಲಾ ಕಹಿ ಮಾಡುತ್ತವೆ. ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ ಕತ್ತಲಲ್ಲಿಡಿ, ಕೆಲವು ದಿನಗಳಲ್ಲೇ ಪಲ್ಯ, ಒಗ್ಗರಣೆಗೆ ಬಳಸಿ ಮುಗಿಸಿ. ಹೊಸ ಎಣ್ಣೆಯ ಜೊತೆ ಬೆರೆಸಬೇಡಿ. ಕಾಯುವಾಗ ನೊರೆ ಬಂದರೆ, ಬೇಗ ಹೊಗೆಯಾಡಿದರೆ, ಬೆರಳಿಗೆ ಅಂಟಂಟಾದರೆ ಅದರ ಕಾಲ ಮುಗಿಯಿತು. ಹೋಟೆಲ್, ಬಂಡಿಗಳಿಗೆ 2018ರ ಜುಲೈ 1ರಿಂದ ನಿಯಮವೇ ಇದೆ. ಕರಿದ ಎಣ್ಣೆಯಲ್ಲಿ ಕಾವಿನಿಂದ ಉಂಟಾಗುವ ಪೋಲಾರ್ ಅಂಶಗಳು 25 ಶೇಕಡಾ ದಾಟಿದರೆ ಅದನ್ನು ಅಡುಗೆಗೆ ಬಳಸುವಂತಿಲ್ಲ.

ಸಿಂಕಿಗೆ ಸುರಿಯಬೇಡಿ, ಪೈಪಿನಲ್ಲಿ ಜಿಡ್ಡು ಕಟ್ಟುತ್ತದೆ. ಸ್ವಲ್ಪವೇ ಇದ್ದರೆ ಹಳೇ ಪೇಪರಿಗೆ ಹೀರಿಸಿ ಕಸಕ್ಕೆ ಹಾಕಿ. ಆ ಪೇಪರಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು.